ಸೋಡಾ ತಿರುವಿನ ಗಾಯ

ನನ್ನ ಹೆಂಡತಿಯ ಬಲ ಮೊಣಕೈ ಚುರುಗುಟ್ಟಿತೆಂದರೆ ನನ್ನ ಆ ಹೊತ್ತಿನ ಊಟ ಕೆಟ್ಟಿತೆಂದೇ ತಿಳಿಯಬೇಕು. ತಟ್ಟೆಗೆ ಬಿಸಿ ರೊಟ್ಟಿ ಬಿದ್ದಿರುತ್ತದೆ, ಪಲ್ಯ ಇನ್ನೂ ಬಿದ್ದಿರುವುದಿಲ್ಲ. ಅಷ್ಟರಲ್ಲಿ ಕಸ್ತೂರಿ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಎದ್ದು, "ನಾ ಹೊಂಟೆ, ನೀವ ಹಾಕ್ಕೊಳ್ರಿ" ಎಂದು ಸೆರಗು ಸಿಕ್ಕಿಸಿಕೊಂಡು ಓಡುತ್ತಾಳೆ. ಓಡುವುದು ಸೋಡಾ ತಿರುವಿಗೆ. ಅಲ್ಲಿ ಅಡಿವೆಪ್ಪ ಆಗಲೇ ಬಂದು ನಿಂತಿರುತ್ತಾನೆ. ಅವನ ಗದ್ದವೂ ಅದೇ ಗಳಿಗೆಗೆ ಚುರುಗುಟ್ಟಿರುತ್ತದೆ.

ಊರಿನವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಸೈಕಲ್ಲಿನಿಂದ ಎಲ್ಲಿ ಬಿದ್ದು ಗಾಯ ಮಾಡಿಕೊಂಡಿರುತ್ತಾರೋ, ಅದೇ ಜಾಗದಲ್ಲಿ ಇನ್ನೊಬ್ಬರು ಬಿದ್ದು ಗಾಯ ಮಾಡಿಕೊಳ್ಳುವ ಮುಂಚೆ ಇವರ ಗಾಯದ ಕಲೆ ಚುರುಗುಟ್ಟುತ್ತದೆ. ಇವರು ಇದ್ದ ಕೆಲಸ ಬಿಟ್ಟು ಹೋಗಿ, ಬೀಳುವವರನ್ನು ಹಿಡಿದುಕೊಂಡು, ಬೈದು ಕಳಿಸಿ, ವಾಪಸ್ಸು ಬರುತ್ತಾರೆ. ಊರೆಲ್ಲ ಏರು ಇಳಿಜಾರು, ಊರೆಲ್ಲ ಸೈಕಲ್ಲು. ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಮದುಮಗ ಎದ್ದು ಓಡಿದರೂ ಬೀಗರು ಮುಖ ಸಣ್ಣದು ಮಾಡುವುದಿಲ್ಲ, ಅಷ್ಟು ಹೊತ್ತು ಇನ್ನೊಂದು ಸುತ್ತು ಚಹಾ ಕುಡಿಯುತ್ತಾರೆ. ಕ್ಷೌರದಂಗಡಿಯಲ್ಲಿ ಒಂದೇ ಕಡೆಯ ಮೀಸೆ ಇಟ್ಟುಕೊಂಡು ಕೂತ ಗಿರಾಕಿಯನ್ನು ನೋಡಿ ಯಾರೂ ನಗುವುದಿಲ್ಲ. ಮನೆಗಳ ಮುಂದೆ ಚಪ್ಪಲಿಗಳು ಯಾವಾಗಲೂ ಹೊರಗೆ ಮುಖ ಮಾಡಿಯೇ ಇರುತ್ತವೆ.

ನಾನು ಈ ಊರಿನವನಲ್ಲ. ನನ್ನ ಹೆಸರು ಮುರಿಗೆಪ್ಪ, ಅರಳೆ ತುಂಬಿ ಗಾದಿ ಹೊಲಿಯುವುದು ನನ್ನ ಕಸುಬು. ಹೆಣ್ಣು ನೋಡಲು ಬಂದ ದಿನ ಕಸ್ತೂರಿಯ ಸೋದರಮಾವ ಹೆಮ್ಮೆಯಿಂದ, "ಹುಡುಗಿ ಹೆಸರಿಗೆ ಸೋಡಾ ತಿರುವು ಐತ್ರಿ" ಅಂದರು. ಯಾವುದೋ ಒಳ್ಳೆಯ ಜಾಗದಲ್ಲಿ ನಿವೇಶನ ಇರಬೇಕೆಂದುಕೊಂಡು ನಾನೂ ನಮ್ಮಪ್ಪನೂ ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದೆವು. ಮದುವೆಯಾಗಿ ಇಲ್ಲೇ ಅಂಗಡಿ ಹಾಕಿದ ಮೇಲೆ ಗೊತ್ತಾಯಿತು ನನ್ನ ಹೆಂಡತಿಯ ಆಸ್ತಿ ಎಂಥದ್ದೆಂದು. ಆ ಆಸ್ತಿಗೆ ಇನ್ನೊಬ್ಬ ಪಾಲುದಾರ ಇದ್ದಾನೆಂಬುದೂ ಆಗಲೇ ಗೊತ್ತಾಯಿತು.

ನಡೆದದ್ದು ಇಷ್ಟು. ಕಸ್ತೂರಿ ಲಂಗ ದಾವಣಿ ಉಡುತ್ತಿದ್ದ ಕಾಲಕ್ಕೆ ಅಪ್ಪನ ಸೈಕಲ್ಲು ಕದ್ದು ಇಳಿಜಾರಿನಲ್ಲಿ ಬಿಟ್ಟುಕೊಂಡು ಬಂದಿದ್ದಾಳೆ. ಅಡಿವೆಪ್ಪ ಕೆಳಗಿನಿಂದ ಕ್ಯಾರಿಯರಿಗೆ ಗೋಲಿ ಸೋಡಾದ ಪೆಟ್ಟಿಗೆ ಕಟ್ಟಿಕೊಂಡು ಏರು ಹತ್ತುತ್ತಿದ್ದಾನೆ. ಇಬ್ಬರೂ ತಿರುವಿನಲ್ಲಿ ಡಿಕ್ಕಿ ಹೊಡೆದು ಬಿದ್ದರು, ಬಾಟಲಿಗಳು ಒಡೆದವು, ಇವಳ ಮೊಣಕೈ ಸೀಳಿತು, ಅವನ ಗದ್ದ ಸೀಳಿತು. ಅಂದಿನಿಂದ ಅದು ಸೋಡಾ ತಿರುವು. ಹೆಸರಿನಲ್ಲೂ ಅವನ ಸೋಡಾನೇ ಬಂದಿದೆ ನೋಡಿ, ಇವಳ ಮೊಣಕೈ ಬರಲಿಲ್ಲ. ಆಮೇಲೆ ಅಲ್ಲಿ ಯಾರೂ ಬಿದ್ದು ಗಾಯ ಮಾಡಿಕೊಂಡಿಲ್ಲ, ಯಾಕೆಂದರೆ ಬೀಳುವವರನ್ನೆಲ್ಲ ಇವರಿಬ್ಬರೇ ಹಿಡಿದುಬಿಡುತ್ತಾರೆ. ಬೇರೆ ತಿರುವುಗಳಿಗೆ ನಾಲ್ಕೈದು ಜನ ಇದ್ದಾರೆ, ಗುಂಪಾಗಿ ಹೋಗಿ ಗುಂಪಾಗಿ ಬರುತ್ತಾರೆ. ಇದಕ್ಕೆ ಇಬ್ಬರೇ. ಅವರು ಬದುಕಿರುವ ತನಕ ಇಬ್ಬರೇ.

ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇನಿದೆ? ಅಡಿವೆಪ್ಪ ಕೆಟ್ಟವನಲ್ಲ. ಅದೇ ನನ್ನ ದೊಡ್ಡ ತೊಂದರೆ. ಎತ್ತರದ ಆಳು, ತೋಳು ಗಟ್ಟಿ, ಮೈಗೆ ಯಾವಾಗಲೂ ನಿಂಬೆಹಣ್ಣಿನ ವಾಸನೆ. ಹೆಂಡತಿ ಇದ್ದಾಳೆ. ಅವಳು ತನ್ನ ಹಿಮ್ಮಡಿ ಚುರುಗುಟ್ಟಿದಾಗ ಕೆರೆ ದಂಡೆಗೆ ಓಡುತ್ತಾಳೆ, ಇವನು ಗದ್ದ ಚುರುಗುಟ್ಟಿದಾಗ ತಿರುವಿಗೆ ಓಡುತ್ತಾನೆ, ಮನೆ ಸುಖವಾಗಿ ನಡೆದಿದೆ. ನನ್ನ ಹೊಟ್ಟೆಯೊಳಗೆ ಮಾತ್ರ ಒಲೆ ಉರಿಯುತ್ತಿರುತ್ತದೆ. ಕಸ್ತೂರಿ ಅವನನ್ನು ಅಣ್ಣ ಎಂದೂ ಕರೆಯುವುದಿಲ್ಲ, "ಏ ಅಡಿವೆಪ್ಪಾ, ಬಾರೋ, ಹಿಡಿಯೋ" ಎಂದು ಏಕವಚನದಲ್ಲೇ ಮಾತಾಡುತ್ತಾಳೆ. ಒಟ್ಟಿಗೆ ಬಿದ್ದವರಿಗೆ ಬಹುವಚನ ಎಲ್ಲಿಂದ ಬರಬೇಕು? ನನಗೆ ಮಾತ್ರ "ರೀ, ಬರ್ರಿ, ಉಣ್ರಿ." ಮದುವೆಯಾದ ಗಂಡನಾಗಿ ಇಷ್ಟು ವರ್ಷ ಮರ್ಯಾದೆಯನ್ನೇ ಉಂಡು ನನಗೆ ಸಾಕಾಗಿಹೋಗಿತ್ತು.

ನೀನೂ ಜೊತೆಗೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋಗಿದ್ದೆ, ಒಂದು ಸಲ. ಕಲೆ ಇಲ್ಲದವರು ಇನ್ನೊಬ್ಬರ ತಿರುವಿನಲ್ಲಿ ನಿಲ್ಲುವುದು ಇಲ್ಲಿ ಕರೆಯದ ಮನೆಗೆ ಊಟಕ್ಕೆ ಹೋಗಿ ಕೂತ ಹಾಗೆ. ಆದರೂ ಹೋದೆ. ಯಾರು ಎಲ್ಲಿಂದ ಬರುತ್ತಾರೆ, ಯಾವಾಗ ಕೈ ಚಾಚಬೇಕು, ಒಂದೂ ತಿಳಿಯದೆ ಸರಿಯಾಗಿ ಅಡಿವೆಪ್ಪನ ಮುಂದೆಯೇ ಹೋಗಿ ನಿಂತೆ. ಹಾಲಿನವನು ಬಂದ, ಅಡಿವೆಪ್ಪನ ಕೈ ನನ್ನ ಬೆನ್ನಿಗೆ ಬಡಿಯಿತು, ಕಸ್ತೂರಿ ಹೇಗೋ ಹಾಲಿನವನನ್ನು ಅವುಚಿಕೊಂಡಳು, ಹಾಲೆಲ್ಲ ನನ್ನ ಮೈಮೇಲೆ. ಬಹಳ ದಿನ ಊರಿನವರು ನನ್ನನ್ನು ಕಂಡಾಗಲೆಲ್ಲ ಪಂಚೆ ಒಣಗಿತೇ ಎಂದು ಕೇಳುತ್ತಿದ್ದರು. ಕಸ್ತೂರಿ ಅಂದು ಬೈಯಲಿಲ್ಲ. "ನೀವು ಮನ್ಯಾಗ ಇರ್ರಿ. ನಿಮಗ ಇದು ತಿಳಿಯಂಗಿಲ್ಲ" ಅಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಗಾದಿಯವನಿಗೆ ಹೊಳೆಯುವುದು ಗಾದಿಯೇ. ಒಂದು ದಿನ ಅಂಗಡಿಯಲ್ಲಿ ಅರಳೆ ಬಿಡಿಸುತ್ತಾ ಕೂತಾಗ ಹೊಳೆಯಿತು: ತಿರುವಿನಲ್ಲಿ ಒಂದು ದೊಡ್ಡ ಗಾದಿ ಹಾಸಿಬಿಟ್ಟರೆ ಬಿದ್ದವರಿಗೆ ಗಾಯವಾಗುವುದಿಲ್ಲ, ಗಾಯವಾಗದಿದ್ದರೆ ಯಾರ ಮೊಣಕೈಯೂ ಚುರುಗುಟ್ಟುವುದಿಲ್ಲ, ಯಾರ ಗದ್ದವೂ ಚುರುಗುಟ್ಟುವುದಿಲ್ಲ. ನನ್ನಲ್ಲಿದ್ದ ಒಳ್ಳೆಯ ಅರಳೆಯನ್ನೆಲ್ಲ ತುಂಬಿ, ದಪ್ಪ ಬಟ್ಟೆಗೆ ದಬ್ಬಣ ಹಾಕಿ, ಇಡೀ ತಿರುವಿಗೆ ಸಾಕಾಗುವಂಥ ಗಾದಿ ಹೊಲಿದೆ. ಮಗಳ ಮದುವೆಗೂ ಯಾರೂ ಅಂಥ ಗಾದಿ ಹೊಲಿಸುವುದಿಲ್ಲ. ಗಾಡಿಯಲ್ಲಿ ಹೇರಿಕೊಂಡು ಹೋಗಿ ಹಾಸಿ ಬಂದೆ. ಊರಿನವರು ನನ್ನನ್ನು ಧರ್ಮಾತ್ಮ ಎಂದು ಹೊಗಳಿದರು. ನಾನು ಕೈಮುಗಿದು ತಲೆತಗ್ಗಿಸಿ ನಿಂತೆ. ಒಳಗೆ ಕುಣಿಯುತ್ತಿದ್ದೆ.

ಆ ಮೇಲಿನ ದಿನಗಳಲ್ಲಿ ನಾನು ಉಂಡ ಊಟವೇ ಊಟ. ರೊಟ್ಟಿ, ಪಲ್ಯ, ಮೇಲೆ ಮಜ್ಜಿಗೆ, ಎದುರಿಗೆ ಹೆಂಡತಿ. ಅಡಿವೆಪ್ಪ ಒಂದು ದಿನ ನನ್ನ ಅಂಗಡಿಗೇ ಬಂದು, "ಗಾದಿಯವರ, ನಿಮ್ಮಿಂದ ನನಗ ಪುರಸೊತ್ತು ಸಿಕ್ತು ನೋಡ್ರಿ. ಈಗ ಮಧ್ಯಾಹ್ನ ಒಂದು ನಿದ್ದಿ ತಗೀತೀನಿ" ಎಂದು ಎರಡು ಸೋಡಾ ಕೊಟ್ಟು ಹೋದ. ನನ್ನ ಹೆಂಡತಿಯ ಜೊತೆ ನಿಲ್ಲುವುದು ತಪ್ಪಿದ್ದಕ್ಕೆ ಇವನಿಗೆ ನಿದ್ದೆ ಬರುತ್ತದೆಯೇ ಎಂದು ಅದಕ್ಕೂ ನನಗೆ ಸಿಟ್ಟು ಬಂತು. ಸೋಡಾ ಮಾತ್ರ ಕುಡಿದೆ.

ಆದರೆ ಕಸ್ತೂರಿ ಮಂಕಾದಳು. ಬಡಿಸುತ್ತಾ ಬಡಿಸುತ್ತಾ ನಿಂತುಬಿಡುವಳು. ಎಡಗೈಯಿಂದ ಬಲ ಮೊಣಕೈಯನ್ನು ಸವರಿಕೊಂಡು, ಏನೋ ಕೇಳಿಸಬಹುದೆಂಬಂತೆ ಕಾಯುವಳು.

"ಈ ಕೈ ಈಗ ಕರಿಯೋದ ಇಲ್ಲ ನೋಡ್ರಿ" ಅಂದಳು ಒಂದು ದಿನ. "ಸತ್ತಂಗ ಆಗೇತಿ."

"ಚಲೋ ಆತಲ್ಲ. ಕುಂತು ಉಣ್ಣು."

"ಉಣ್ಣಾಕೇನು, ಎಲ್ಲಾರೂ ಉಣ್ತಾರ. ನಾ ಈಗ ಯಾರಿಗೆ ಬೇಕಾಗೇನಿ, ಹೇಳ್ರಿ?"

ನನಗೆ ಬೇಕಾಗಿದ್ದೀ ಎನ್ನಲು ಬಾಯಿಯಲ್ಲಿ ರೊಟ್ಟಿಯಷ್ಟೇ ಇತ್ತು, ಬೇರೆ ಅಡ್ಡಿಯೇನೂ ಇರಲಿಲ್ಲ. ನಾನು ಅಂದದ್ದು ಬೇರೆ. "ಸೋಡಾದವನ್ನ ಕೇಳು, ಅವನಿಗೆ ಗೊತ್ತಿರತೈತಿ" ಅಂದೆ. ಅವಳು ನನ್ನನ್ನು ಒಮ್ಮೆ ನೋಡಿ, ಎದ್ದು, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಗಾದಿಗೆ ಆಯುಷ್ಯ ಬಹಳ ಇರಲಿಲ್ಲ. ಅದನ್ನು ಕೆಡಿಸಿದ್ದು ಮಳೆಯಲ್ಲ, ನಾಯಿಗಳೂ ಅಲ್ಲ, ಹೂ ಮಾರುವ ನೀಲವ್ವ. ಸೋಡಾ ತಿರುವಿನ ಕೆಳಗೆ ಬಾವಿ ತಿರುವು, ಅದು ಅವಳ ಮೊಣಕಾಲಿನದು. ಒಂದು ಬೆಳಿಗ್ಗೆ ಅವಳು ಹೂವಿನ ಬುಟ್ಟಿಯನ್ನು ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಕ್ಕಿದಳು.

"ಏನಪಾ ಗಾದಿಯವನ, ಭಾಳ ಪುಣ್ಯಾ ಕಟ್ಕೊಂಡಿ ಅಂತಲ್ಲ? ನಿನ್ನ ಗಾದಿ ಬಂದಾಗಿಂದ ಮಂದಿ ಬ್ರೇಕ್ ಹಿಡಿಯೋದ ಬಿಟ್ಟಾರ! ಮ್ಯಾಲೆ ಗಾದಿ ಐತಿ ಅಂತ ಬಿಟ್ಕೊಂಡು ಬರ್ತಾರ, ಬಂದ ರಭಸಕ್ಕ ನನ್ನ ತಿರುವಿನ್ಯಾಗ ಬೀಳ್ತಾರ. ಮುಂಜಾನಿಂದ ಸಂಜೀತನಕ ಈ ಮೊಣಕಾಲು ಉರೀತೈತಿ. ನಾ ಹೂ ಕಟ್ಟಲ್ಯೋ, ನಿನ್ನ ಪುಣ್ಯಾ ಹಿಡೀಲ್ಯೋ?"

ಅಂದೇ ಕಸ್ತೂರಿ ಯಾರನ್ನೂ ಕೇಳದೆ ಗಾದಿಯನ್ನು ಗಾಡಿಯಲ್ಲಿ ಹೇರಿಸಿಕೊಂಡು ಮನೆಗೆ ತಂದಳು. ಅದನ್ನು ಅಂಗಳದಲ್ಲಿ ಒಣಹಾಕಿ ಕೋಲಿನಿಂದ ಬಡಿಯುವಾಗ ಅವಳ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಕಳೆ ಇತ್ತು. ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಸೌಟು ಪಾತ್ರೆಯಲ್ಲೇ ಉಳಿಯಿತು. "ಬಂತ್ರಿ! ಚುರುಗುಟ್ಟಿತ್ರಿ!" ಎಂದು ಕೂಗುತ್ತಾ, ತವರಿನಿಂದ ಕರೆ ಬಂದವಳ ಹಾಗೆ ಓಡಿದಳು. ನಾನು ಖಾಲಿ ರೊಟ್ಟಿ ಮುರಿದು ತಿಂದೆ.

ಆವತ್ತೇ ತೀರ್ಮಾನ ಮಾಡಿದೆ. ಆ ತಿರುವಿನಲ್ಲಿ ನಾನೂ ಬೀಳಬೇಕು.

ನನಗೆ ಸೈಕಲ್ಲು ಬರುತ್ತಿರಲಿಲ್ಲ. ಏರಿನ ತುದಿಯಲ್ಲಿರುವ ಸೈಕಲ್ ಅಂಗಡಿಯ ಹುಸೇನಸಾಬರು ನನಗೆ ಒಂದು ಹಳೆಯ ಸೈಕಲ್ಲು ಕೊಟ್ಟರು. ಊರ ಹೊರಗಿನ ಬಯಲಿನಲ್ಲಿ ಕಲಿತೆ. ಬಯಲಿನಲ್ಲಿ ಮಣ್ಣು ಮೆತ್ತಗೆ, ಬಿದ್ದರೆ ಅಂಗಿಗೆ ಧೂಳಾಗುವುದಷ್ಟೇ. ನಾನು ಯಾಕೆ ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆಂದು ಸಾಹೇಬರಿಗೆ ವಾಸನೆ ಹತ್ತಿತ್ತು. ಚೈನಿಗೆ ಎಣ್ಣೆ ಬಿಡುತ್ತಾ ತಲೆ ಎತ್ತದೆ ಹೇಳಿದರು:

"ಬೇಕಂತ ಬಿದ್ದ ಗಾಯ ಮೂಕ ಆಗ್ತೈತ್ರಿ ಮುರಿಗೆಪ್ಪನವರ. ಕಲೆ ಇರತೈತಿ, ಕರಿಯಂಗಿಲ್ಲ. ಬ್ಯಾಡ್ರಿ."

"ನಾ ಬೇಕಂತ ಬೀಳೋದ ಬ್ಯಾಡ್ರಿ" ಅಂದೆ. "ಆ ತಿರುವಿಗೆ ಹೋದರ ಸಾಕು, ನನಗ ಬರೋವಷ್ಟು ಸೈಕಲ್ಲಿಗೆ ತಾನಾಗೇ ಬೀಳ್ತೀನಿ."

ಸಾಹೇಬರು ನಕ್ಕರು. ನನ್ನ ಲೆಕ್ಕಾಚಾರದಲ್ಲಿ ಒಂದೇ ಒಂದು ಸಂಗತಿ ಬಿಟ್ಟುಹೋಗಿತ್ತು. ನಾನು ಬೀಳಲಿದ್ದೇನೆಂದರೆ ಮೊದಲು ಚುರುಗುಟ್ಟುವುದು ಯಾರಿಗೆ? ಇಷ್ಟು ವರ್ಷ ಅದೇ ಉರಿಯಲ್ಲಿ ಬೆಂದವನಿಗೆ ಅದು ಹೊಳೆಯಲೇ ಇಲ್ಲ. ಸಾಹೇಬರ ಅಂಗಡಿಯ ಮುಂದಿನಿಂದ ಸೈಕಲ್ಲನ್ನು ಇಳಿಜಾರಿಗೆ ಬಿಟ್ಟಾಗ ಕೆಳಗೆ ನೋಡಿದರೆ ತಿರುವಿನಲ್ಲಿ ಇಬ್ಬರೂ ಬಂದು ನಿಂತಿದ್ದರು. ಅಡಿವೆಪ್ಪನ ಕೈಯಲ್ಲಿ ಬಾಟಲಿ ತೊಳೆಯುವ ಬ್ರಷ್ಷು ಇನ್ನೂ ಇತ್ತು. ಕಸ್ತೂರಿಯ ಕೈಗೆ ಜೋಳದ ಹಿಟ್ಟು ಮೆತ್ತಿತ್ತು.

ಅವರು ಅಲ್ಲಿ ಹೇಗೆ ನಿಲ್ಲುತ್ತಾರೆಂದು ಸರಿಯಾಗಿ ನೋಡಿದ್ದು ಅದೇ ಮೊದಲು. ನನ್ನ ಮನಸ್ಸಿನಲ್ಲಿ ಅವರು ಯಾವಾಗಲೂ ಹೆಗಲಿಗೆ ಹೆಗಲು ತಾಗಿಸಿಕೊಂಡು ನಿಂತಿರುತ್ತಿದ್ದರು. ನಿಜದಲ್ಲಿ ಅವನು ರಸ್ತೆಯ ಈ ಅಂಚಿಗೆ, ಇವಳು ಆ ಅಂಚಿಗೆ, ನಡುವೆ ಒಂದು ಎತ್ತಿನ ಗಾಡಿ ಆರಾಮಾಗಿ ಹೋಗಬಹುದು. ಅವನು ಹ್ಯಾಂಡಲ್ ಹಿಡಿಯುವವನು, ಇವಳು ಮನುಷ್ಯರನ್ನು ಹಿಡಿಯುವವಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ, ಏರಿನ ಕಡೆಗೆ ನೋಡುತ್ತಿದ್ದರು. ಇದನ್ನು ಕಂಡು ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಸೈಕಲ್ಲು ಓಡುತ್ತಿತ್ತು.

"ಏ ಕಸ್ತೂರಿ, ಅಂವ ನಿನ್ನ ಗಂಡ ಅಲ್ಲೇನ?" ಎಂದು ಅಡಿವೆಪ್ಪ ಕೂಗಿ ಬ್ರಷ್ಷು ಎಸೆದು ಕೈ ಚಾಚಿದ.

ಕಸ್ತೂರಿಯೂ ಕೈ ಚಾಚಿದ್ದಳು. ಊರಿನ ಎಷ್ಟು ಜನರನ್ನು ಹಿಡಿದ ಕೈ ಅದು, ತಪ್ಪಿದ್ದೇ ಇಲ್ಲ. ನಾನು ಹತ್ತಿರ ಹತ್ತಿರ ಬಂದೆ. ಅವಳು ನನ್ನ ಮುಖ ನೋಡಿದಳು. ಏನು ಕಂಡಳೋ, ಚಾಚಿದ್ದ ಕೈ ಇಳಿಸಿ, ಓಡಿ ರಸ್ತೆ ದಾಟಿ, ಅಡಿವೆಪ್ಪನ ಮಣಿಕಟ್ಟನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

"ಬಿಡೋ ಅಡಿವೆಪ್ಪಾ. ಬೀಳ್ಲಿ."

"ಬೀಳ್ಲಿ ಅಂದ್ರ?"

"ಅವರಿಗೆ ಬೇಕಾಗೇತಿ. ಬೀಳ್ಲಿ ಬಿಡು."

ನನಗೆ ಆ ಮಾತು ಕೇಳಿಸಿತು. ಆದರೆ ಕಣ್ಣಿಗೆ ಕಂಡದ್ದು ಅವಳ ಹಿಟ್ಟು ಮೆತ್ತಿದ ಎರಡು ಕೈಗಳು, ಅವನ ಮಣಿಕಟ್ಟು. ನಾನು ರಸ್ತೆಯನ್ನು ನೋಡಲಿಲ್ಲ, ಬ್ರೇಕ್ ಮರೆತೆ, ಬೀಳಬೇಕೆಂದು ಬಂದದ್ದನ್ನೂ ಮರೆತೆ. ಹಾಗೆ ಬಿದ್ದೆ. ಮೊದಲು ಮುಂದಿನ ಗಾಲಿ ಮಗುಚಿತು, ಆಮೇಲೆ ಪೆಡಲ್ಲು ನನ್ನ ಎಡ ಮೊಣಕಾಲ ಕೆಳಗೆ ಸೀಳಿಕೊಂಡು ಹೋಯಿತು, ಆಮೇಲೆ ಅಂಗೈ, ಆಮೇಲೆ ಊರಿನ ರಸ್ತೆ ಪೂರ್ತಿ ನನ್ನ ಬಾಯಿಗೆ ಬಂತು.

"ಏ ಹುಚ್ಚಾ! ಎಲ್ಲಿ ಬಡೀತೋ ನಿನಗ? ತೋರ್ಸು ಇಲ್ಲಿ! ಯಾಕ ಹಿಂಗ ಮಾಡ್ದಿ?"

ಕಸ್ತೂರಿ ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಬೈಯುತ್ತಿದ್ದಳು. ಅಳುತ್ತಲೂ ಇದ್ದಳು. ಏಕವಚನದಲ್ಲಿ ಬೈಯುತ್ತಿದ್ದಳು. ರಕ್ತ ಪಂಚೆಗೆ ಇಳಿಯುತ್ತಿತ್ತು, ನಾನು ನಗುತ್ತಿದ್ದೆ. ತಲೆಗೆ ಪೆಟ್ಟು ಬಿದ್ದಿದೆಯೆಂದು ಅಡಿವೆಪ್ಪ ಗಾಬರಿಯಾಗಿ ಕೆಳಗಿನ ತನ್ನ ಅಂಗಡಿಗೆ ಓಡಿ ಸೋಡಾ ತಂದು, ಗೋಲಿ ಒತ್ತಿ, ಬುಸ್ಸೆಂದು ನನ್ನ ಗಾಯದ ಮೇಲೆ ಸುರಿದ. ಜೀವ ಹೋದ ಹಾಗಾಯಿತು. ನನ್ನ ಗಾಯವನ್ನು ತೊಳೆಯಲೂ ಅವನ ಸೋಡಾನೇ ಬೇಕಾಯಿತಲ್ಲ ಎಂಬುದೊಂದು ಕೊರಗು ಬಿಟ್ಟರೆ, ಅದು ನನ್ನ ಜೀವನದ ಒಳ್ಳೆಯ ದಿನ.

ಗಾಯ ಮಾಯಿತು. ಹಕ್ಕಳೆ ಉದುರಿ, ಕೆಳಗೆ ನುಣ್ಣಗೆ ಹೊಳೆಯುವ ಕಲೆ ಉಳಿಯಿತು. ಪಂಚೆಯನ್ನು ಸ್ವಲ್ಪ ಮೇಲಕ್ಕೇ ಕಟ್ಟುವ ಅಭ್ಯಾಸ ಮಾಡಿಕೊಂಡೆ. ಅಲ್ಲಿಯ ತನಕ "ಯಾವಾಗ ಬಂದ್ರಿ, ಎಷ್ಟು ದಿನ ಇರ್ತೀರಿ?" ಎಂದು ನೆಂಟನಿಗೆ ಕೇಳುವ ಹಾಗೆ ಕೇಳುತ್ತಿದ್ದ ಊರಿನವರು ಅದನ್ನು ಕೇಳುವುದು ಬಿಟ್ಟರು. ಕಸ್ತೂರಿ ಮತ್ತೆ "ರೀ" ಅನ್ನತೊಡಗಿದಳು. ನಾನು ಕಾಲು ಚಾಚಿಕೊಂಡು ಕಾಯುತ್ತಿದ್ದೆ.

ಒಂದು ಮಧ್ಯಾಹ್ನ ಕಸ್ತೂರಿಯ ಸೌಟು ನಿಂತಿತು. ನಾನು ನನ್ನ ಕಾಲನ್ನು ನೋಡಿದೆ. ಕಾಲು ಸುಮ್ಮನಿತ್ತು. ಗಾದಿಯೊಳಗಿನ ಅರಳೆಯ ಹಾಗೆ, ಯಾವ ಸುದ್ದಿಯೂ ಇಲ್ಲದೆ ಸುಮ್ಮನಿತ್ತು. ಸಾಹೇಬರು ಹೇಳಿದ್ದು ನಿಜ. ನಾನು ಬೇಕೆಂದು ಬಿದ್ದೆನೋ, ಹೊಟ್ಟೆಕಿಚ್ಚಿನಿಂದ ಬಿದ್ದೆನೋ, ಗಾಯ ಅದನ್ನೆಲ್ಲ ವಿಚಾರಿಸಲು ಹೋಗಿರಲಿಲ್ಲ. ಆದರೆ ಬಾಯಿ ನನ್ನನ್ನು ಕೇಳದೆ ಕೂಗಿತು, "ನನಗೂ ಚುರುಗುಟ್ಟಿತು! ಏಳು, ಏಳು!"

ಕಸ್ತೂರಿ ನನ್ನನ್ನು ನೋಡಿದಳು. "ಹೌದೇನ್ರಿ?" ಅಂದಳು. "ನಡೀರಿ ಹಂಗಾರ."

ಅಂದಿನಿಂದ ನನ್ನ ಕಣ್ಣೆಲ್ಲ ಅವಳ ಮೊಣಕೈಯ ಮೇಲೆ. ಅವಳ ಕೈ ಅಲ್ಲಾಡಿತೆಂದರೆ ನಾನು ಕಾಲು ಕೆರೆದುಕೊಳ್ಳುವುದು, ಇಬ್ಬರೂ ಓಡುವುದು. ಕಲೆ ಇದ್ದವನನ್ನು ಹೋಗು ಎನ್ನುವ ಹಾಗಿಲ್ಲವಲ್ಲ, ಅಡಿವೆಪ್ಪ ನನಗೂ ಒಂದು ಕೆಲಸ ಕೊಟ್ಟ. ಅವನು ಹ್ಯಾಂಡಲ್ ಹಿಡಿಯುತ್ತಾನೆ, ಇವಳು ಮನುಷ್ಯರನ್ನು ಹಿಡಿಯುತ್ತಾಳೆ, ನಾನು ಕ್ಯಾರಿಯರಿನಿಂದ ಬೀಳುವ ಸಾಮಾನು ಹಿಡಿಯುತ್ತೇನೆ. ಟೊಮೆಟೊ ಬುಟ್ಟಿ, ಎಣ್ಣೆ ಡಬ್ಬಿ, ಒಮ್ಮೆ ರೆಕ್ಕೆ ಬಡಿಯುವ ಕೋಳಿ. ಹ್ಯಾಂಡಲ್ ಹಿಡಿಯುವುದರಲ್ಲಿರುವ ಗತ್ತು ಕೋಳಿ ಹಿಡಿಯುವುದರಲ್ಲಿ ಇಲ್ಲ, ಅದಕ್ಕೂ ನನಗೆ ಹೊಟ್ಟೆಕಿಚ್ಚೇ. ಆದರೂ ಓಡುತ್ತೇನೆ.

ಒಂದು ದಿನ ನಾನು ರೊಟ್ಟಿಯ ಕಡೆ ಗಮನ ಕೊಟ್ಟು ಅವಳ ಕೈ ನೋಡುವುದನ್ನು ತಪ್ಪಿಸಿಬಿಟ್ಟೆ. ಮೊದಲಾಗಿದ್ದರೆ ಅವಳು ಅಷ್ಟೊತ್ತಿಗೆ ಬಾಗಿಲು ದಾಟಿರುತ್ತಿದ್ದಳು. ಆವತ್ತು ಹೊಸ್ತಿಲಲ್ಲಿ ನಿಂತು, ಎದ್ದು ಕಾಣುವ ಹಾಗೆ ಮೊಣಕೈ ಉಜ್ಜಿಕೊಳ್ಳುತ್ತಾ, "ರೀ, ನಿಮ್ಮ ಕಾಲು ಚುರುಗುಟ್ಟಿತೇನು ನೋಡ್ರಿ" ಅಂದಳು. ನಾನು ಕಾಲು ನೋಡಿಕೊಂಡೆ. "ಹೂಂ, ಚುರುಗುಟ್ಟಿತು" ಅಂದೆ. ಅವಳು ನನ್ನ ಚಪ್ಪಲಿಯನ್ನು ನನ್ನ ಕಡೆಗೆ ತಳ್ಳಿದಳು. ಅವಳಿಗೆ ಗೊತ್ತು. ಬಹುಶಃ ಮೊದಲ ದಿನದಿಂದಲೂ ಗೊತ್ತು. ಅವಳು ಹೇಳಿಲ್ಲ, ನಾನೂ ಕೇಳಿಲ್ಲ.

ಮೊನ್ನೆ ಸಂಜೆ ಅಂಗಡಿಯಿಂದ ಬಂದು ಕೈಕಾಲು ತೊಳೆದುಕೊಳ್ಳುತ್ತಿದ್ದೆ. ಮನಸ್ಸು ಸರಿಯಿರಲಿಲ್ಲ. ಬೆಳಿಗ್ಗೆ ತಿರುವಿನಲ್ಲಿ ಕಸ್ತೂರಿಯೂ ಅಡಿವೆಪ್ಪನೂ ಯಾವುದೋ ಹಳೆಯ ಮಾತು ತೆಗೆದು ನಕ್ಕಿದ್ದರು, ನಾನು ಕುಂಬಳಕಾಯಿ ಹಿಡಿದುಕೊಂಡು ನಿಂತಿದ್ದೆ. ದಿನವಿಡೀ ಅದೇ ಒಳಗೆ ಕುದಿಯುತ್ತಿತ್ತು, ಅವಳ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಕಸ್ತೂರಿ ಬಂದು ಬಾಗಿಲಲ್ಲಿ ನಿಂತು ಮೊಣಕೈ ಉಜ್ಜಿಕೊಂಡಳು.

"ಚುರುಗುಟ್ಟಿತ್ರಿ. ನಿಮಗ?"

"ನನಗೂ" ಅಂದೆ, ಮುಖ ಊದಿಸಿಕೊಂಡೇ.

ಅವಳು ಓಡಲಿಲ್ಲ. ನಡೆದಳು. ನಾನೂ ಜೊತೆಗೆ ನಡೆದೆ. ತಿರುವಿನಲ್ಲಿ ಅಡಿವೆಪ್ಪ ಇರಲಿಲ್ಲ. ಇವನು ಬರುವುದು ತಡವಾಯಿತೆಂದರೆ ಇವತ್ತು ಹ್ಯಾಂಡಲ್ ನನ್ನದೇ ಎಂದು ನಾನು ಲಗುಬಗೆಯಿಂದ ಅವನ ಜಾಗದಲ್ಲಿ ಹೋಗಿ ನಿಂತು ಕೈ ಚಾಚಿದೆ. ಕಸ್ತೂರಿ ಎದುರಿನ ಅಂಚಿಗೆ ನಿಂತಳು. ಸೈಕಲ್ಲುಗಳು ಬಂದವು, ಸರಿಯಾಗಿ ಬ್ರೇಕ್ ಹಿಡಿದು, ಗಂಟೆ ಬಾರಿಸಿ, ತಿರುಗಿ ಹೋದವು. ಮಜ್ಜಿಗೆಯವಳು ಸೈಕಲ್ಲು ತಳ್ಳಿಕೊಂಡು ಏರು ಹತ್ತಿದಳು. ಕೆಳಗೆ ಸೋಡಾ ಅಂಗಡಿಯಲ್ಲಿ ದೀಪ ಹತ್ತಿತು. ಅಲ್ಲಿ ಅಡಿವೆಪ್ಪ ಕಾಲು ಚಾಚಿ ಕೂತು ಬಾಟಲಿ ತೊಳೆಯುತ್ತಿದ್ದ. ನಮ್ಮನ್ನು ಕಂಡು, ಇವರು ಯಾಕೆ ಬಂದರೆಂದು ಗದ್ದ ಮುಟ್ಟಿ ನೋಡಿಕೊಂಡ. ಮತ್ತೆ ಬಾಟಲಿ ತೊಳೆಯತೊಡಗಿದ.

ನಾನು ಕಸ್ತೂರಿಯ ಕಡೆ ನೋಡಿದೆ. ಅವಳು ಕೈ ಚಾಚಿರಲೇ ಇಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಕಟ್ಟಿಕೊಂಡು, ಗಾಳಿಗೆ ಮುಖ ಕೊಟ್ಟು ನಿಂತಿದ್ದಳು.

"ಯಾರೂ ಬರವಲ್ರಲ್ಲ" ಅಂದೆ.

"ಬರ್ತಾರ ತಡೀರಿ" ಎಂದು ಅವಳು ರಸ್ತೆ ದಾಟಿ ನನ್ನ ಅಂಚಿಗೆ ಬಂದು ನಿಂತಳು. "ನನ್ನ ಕೈ ಇನ್ನಾ ಚುರುಗುಟ್ಟಾಕ ಹತ್ತೇತಿ."

ನಾನು ಚಾಚಿದ್ದ ಕೈ ಇಳಿಸಿದೆ.

"ನನ್ನ ಕಾಲೂ" ಅಂದೆ.